ಸ್ಟೇಟ್ ಬ್ಯಾಂಕಿಗೆ ಸೊನ್ನೆ ರೂಪಾಯಿ

ಮಂಗಳೂರಿನ ಸಿಟಿ ಬಸ್ಸುಗಳ ಟಿಕೆಟ್ ಮೆಷಿನ್‌ಗೆ ನಾನು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ಕಾಲ. ಸ್ಟಾಪುಗಳ ಹೆಸರನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಿದ ಮರುದಿನವೇ ಕಂಡಕ್ಟರ್ ಫೋನ್ ಬಂತು. "ಸ್ಟೇಟ್ ಬ್ಯಾಂಕಿಗೆ ಟಿಕೆಟ್ ಒತ್ತಿದ್ರೆ ಸೊನ್ನೆ ರೂಪಾಯಿ ಬರ್ತದೆ ಮಾರಾಯ್ರೆ!" ಕಂಕನಾಡಿ, ಜ್ಯೋತಿ ಎಲ್ಲ ಸರಿಯಾಗಿಯೇ ಇತ್ತು.

ಹೆಸರಿಗೆ 40 ಬೈಟ್ ಜಾಗ ಇಟ್ಟಿದ್ದೆ, ಅದಕ್ಕೆ ತಾಗಿಕೊಂಡೇ ದರ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ 3 ಬೈಟ್ ಬೇಕು. ಕೊಂಬು, ದೀರ್ಘ, ಸೊನ್ನೆ, ಹಲಂತಗಳಿಗೂ ತಲಾ 3. 'ಸ್ಟೇಟ್ ಬ್ಯಾಂಕ್' ಎಂದರೆ ಅಂಥವು 13, ಅಂದರೆ 39 ಬೈಟ್. ನಡುವಿನ ಸ್ಪೇಸ್ ಸೇರಿ 40. ಸರಿಯಾಗಿ ಹಿಡಿಸ್ತು ಅಲ್ವಾ? ಆದರೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಮುಗಿಯಿತೆಂದು ತಿಳಿಸುವ ನಲ್, ಅಂದರೆ ಬೆಲೆ ಸೊನ್ನೆಯಾದ ಬೈಟು, 41ನೆಯದು. ಹೆಸರನ್ನು ಆ ಜಾಗಕ್ಕೆ ಬರೆಯುವ ಎಸ್‌ಪ್ರಿಂಟ್‌ಎಫ್ ಫಂಕ್ಷನ್‌ಗೆ ಜಾಗ ಎಷ್ಟಿದೆ ಎಂದು ನಾವು ಹೇಳುವುದೇ ಇಲ್ಲ. ಅದು ಸುಮ್ನೆ ಆ ಸೊನ್ನೆಯನ್ನು ದರದ ಮೊದಲ ಬೈಟಿನ ಮೇಲೆ ಬರೆಯಿತು. ನಮ್ಮ ಪ್ರೊಸೆಸರ್ ಸಂಖ್ಯೆಯ ಅತಿ ಕಿರಿಯ ಸ್ಥಾನದ ಬೈಟನ್ನೇ ಮೊದಲು ಇಡುವಂಥದ್ದು. 12 ರೂಪಾಯಿ ಕೂತಿದ್ದದ್ದು ಅಲ್ಲೇ.

ಅದರ ಬದಲು, ಜಾಗದ ಅಳತೆಯನ್ನೂ ಕೇಳುವ ಎಸ್‌ಎನ್‌ಪ್ರಿಂಟ್‌ಎಫ್ ಹಾಕಿದೆ. ಸಿ ಭಾಷೆಯ 1999ರ ಸ್ಟಾಂಡರ್ಡಿನಿಂದಲೂ ಇರುವ ಫಂಕ್ಷನ್, ಮೊದಲೇ ಬಳಸದೇ ಇದ್ದದ್ದು ನನ್ನ ಸೋಮಾರಿತನ. ಅಳತೆ 40 ಎಂದರೆ 39 ಬೈಟ್ ಬರೆದು ನಲ್ ಹಾಕಿ ನಿಲ್ಲುತ್ತದೆ. ದರ ಸರಿಯಾಯಿತು. ಆದರೆ ಟಿಕೆಟ್ಟಿನಲ್ಲಿ 'ಬ್ಯಾಂಕ' ಆದ ಮೇಲೆ ಒಂದು ಕಪ್ಪು ಡಬ್ಬಿ! ಕೊನೆಯ ಹಲಂತದ 3 ಬೈಟಿನಲ್ಲಿ 2 ಮಾತ್ರ ಉಳಿದಿತ್ತು.

ಹೆಸರು ತುಂಡಾದರೆ ಗೊತ್ತಾಗಲಿ ಎಂದು ಪರೀಕ್ಷೆ ಬರೆದಿದ್ದೆ, ಅದೂ ಬಾಯಿ ಬಿಡಲಿಲ್ಲ. ಈ ಫಂಕ್ಷನ್, ಜಾಗ ಸಾಕಷ್ಟಿದ್ದರೆ ಎಷ್ಟು ಬರೆಯುತ್ತಿತ್ತೋ ಆ ಲೆಕ್ಕವನ್ನು, ನಲ್ ಬಿಟ್ಟು, ವಾಪಸ್ ಕೊಡುತ್ತದೆ. ಇಲ್ಲಿ ಕೊಟ್ಟದ್ದು 40. ನಾನು ಕೇಳಿದ್ದು '40ಕ್ಕಿಂತ ಜಾಸ್ತಿಯಾ?' ಎಂದು. ಸಮ ಬಂದರೂ ತುಂಡಾಗಿದೆ ಎಂದೇ ಅರ್ಥ. ಮೈನಸ್ ಬಂದರೆ ಎರರ್.

ಒಂದೇ ಬಫರಿಗೆ (ಬರೆಯಲು ಇಟ್ಟ ಜಾಗಕ್ಕೆ) ತುಂಡು ತುಂಡಾಗಿ ಸೇರಿಸುವಾಗ ಇದೇ ತಪ್ಪು ಇನ್ನೂ ಅಪಾಯ. ವಾಪಸ್ ಬಂದ ಲೆಕ್ಕವನ್ನು ಪರೀಕ್ಷಿಸದೆ ಕೂಡಿಸುತ್ತ ಹೋದರೆ ಅದು ಬಫರಿನ ಅಳತೆಯನ್ನೇ ದಾಟಬಹುದು. ಆಗ ಉಳಿದ ಜಾಗ ಮೈನಸ್ ಆಗಬೇಕು. ಅನ್‌ಸೈನ್ಡ್ ಲೆಕ್ಕದಲ್ಲಿ ಮೈನಸ್ ಇಲ್ಲ, ಭಾರೀ ದೊಡ್ಡ ಸಂಖ್ಯೆಯಾಗಿಬಿಡುತ್ತದೆ. ಎಸ್‌ಎನ್‌ಪ್ರಿಂಟ್‌ಎಫ್ ಅದನ್ನು ನಂಬಿ ಬರೆಯುತ್ತದೆ.

ಈಗ ಹೆಸರಿಗೆ 64 ಬೈಟ್ ಇದೆ. ಅದೂ ಸಾಲದಿದ್ದರೆ, ಅರ್ಧ ಉಳಿದ ಅಕ್ಷರದ ಮೊದಲ ಬೈಟಿನವರೆಗೆ ಹಿಂದೆ ಬಂದು ಅಲ್ಲೇ ನಲ್ ಹಾಕುತ್ತೇನೆ.