ತಂತಿಗೆ ಚುಚ್ಚಿದ ಚೀಟಿಗಳು

ಡೊಂಬಿವಲಿಯಲ್ಲಿ ಅಂದು ಬೆಳಗಿನಿಂದ ಬಿಟ್ಟೂಬಿಡದ ಮಳೆ. ಲಂಡನ್ನಿನಲ್ಲಿರುವ ಮೊಮ್ಮಗನಿಗೆ ಕಳಿಸಲೆಂದು ಪತ್ರೊಡೆಯ ಫೋಟೋ ತೆಗೆದಿಟ್ಟುಕೊಂಡು ದೊಡ್ಡಮ್ಮ ಕಿಟಕಿಯ ಬಳಿ ಕುಳಿತಿದ್ದರು. ಕಳಿಸಿಬಿಡಿ ಎಂದೆ. "ಆಕಾಶ ಪೂರ್ತಿ ಮುಚ್ಚಿದೆಯಲ್ಲ, ಈಗ ಕಳಿಸಿದರೆ ದಾರಿಯಲ್ಲೇ ಉಳಿದುಬಿಡುತ್ತದೆ. ಮೋಡ ಸರಿಯಲಿ" ಎಂದರು.

ಎಂಬತ್ತು ದಾಟಿದ ದೊಡ್ಡಮ್ಮನೊಬ್ಬರೇ ಹೀಗೆ ನಂಬಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರೂ ಅಂತರ್ಜಾಲವೆಂದರೆ ಮೇಲಿನಿಂದ ಇಳಿದು ಬರುವಂಥದ್ದು, ಉಪಗ್ರಹದಿಂದ ಟವರಿಗೆ, ಟವರಿನಿಂದ ಕೈಗೆ ಎಂದೇ ತಿಳಿದಿರುತ್ತಾರೆ. ಹಾಗೆ ತಿಳಿಯಲು ಕಾರಣವೂ ಇದೆ. ಜೋರು ಮಳೆ ಬಂದರೆ ಚಾವಣಿಯ ಡಿಶ್ ಟಿವಿಯ ಚಿತ್ರ ಒಡೆಯುತ್ತದೆ. ಅದು ನಿಜವಾಗಿ ಉಪಗ್ರಹದ ಕಿರಣ, ಮಳೆಹನಿಗಳು ಅದನ್ನು ಹೀರುತ್ತವೆ. ಇದರ ಮೇಲೆ, ನಮ್ಮ ಫೋಟೋ, ಕಡತಗಳನ್ನು ಇಡುವ ದೂರದ ಕಂಪ್ಯೂಟರುಗಳಿಗೆ 'ಕ್ಲೌಡ್', ಅಂದರೆ ಮೋಡ, ಎಂಬ ಹೆಸರು ಬೇರೆ ಬಂದು ಕೂತಿತು. ಆ ಕ್ಲೌಡಿನ ಒಂದು ತುಂಡು ನಮ್ಮಿಂದ ಹೆಚ್ಚು ದೂರವಿಲ್ಲ. ನವಿ ಮುಂಬಯಿಯ ಐರೋಲಿ, ಮಹಾಪೆ ಕಡೆ ಹೋದರೆ ಕಿಟಕಿಗಳೇ ಇಲ್ಲದಂಥ ದೊಡ್ಡ ಕಟ್ಟಡಗಳು ಕಾಣುತ್ತವೆ. ಒಳಗೆ ಸಾಲು ಸಾಲು ಕಂಪ್ಯೂಟರುಗಳು, ಅವನ್ನು ತಂಪಾಗಿಡುವ ಯಂತ್ರಗಳು, ಕರೆಂಟು ಹೋದರೆ ಓಡಲು ಡೀಸೆಲ್ ಜನರೇಟರುಗಳು. ಮೋಡವೆಂಬುದು ಅಲ್ಲಿ ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ ವಸ್ತು.

ದೇಶದಿಂದ ದೇಶಕ್ಕೆ ಹೋಗುವ ಮಾಹಿತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್‌ಗಳಲ್ಲೇ ಸಾಗುತ್ತದೆ. ಗಾಳಿಯಲ್ಲಿ ಹೋಗುವುದು ಹೆಚ್ಚಾಗಿ ನಿಮ್ಮ ಮೊಬೈಲಿನಿಂದ ಹತ್ತಿರದ ಟವರಿನ ತನಕ, ಇಲ್ಲವೇ ಮನೆಯ ವೈಫೈ ಪೆಟ್ಟಿಗೆಯ ತನಕ ಮಾತ್ರ. ಆಮೇಲೆ ಗಾಜಿನ ದಾರಿ. ಆಳ ಸಮುದ್ರದಲ್ಲಿ ಈ ಕೇಬಲ್ ಗಿಡಗಳಿಗೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಅದರ ಒಳಗೆ ಕೂದಲೆಳೆಯಂಥ ಗಾಜಿನ ತಂತುಗಳು, ಅವುಗಳಲ್ಲಿ ಬೆಳಕು. ಅರುವತ್ತರಿಂದ ನೂರು ಕಿಲೋಮೀಟರಿಗೊಂದರಂತೆ ಸೊರಗಿದ ಬೆಳಕಿಗೆ ಮತ್ತೆ ಬಲ ತುಂಬುವ ಉಪಕರಣ, ಅದಕ್ಕೆ ಬೇಕಾದ ವಿದ್ಯುತ್ತು ದಡದಿಂದಲೇ ಕೇಬಲಿನೊಳಗೆ ಹರಿದು ಹೋಗುತ್ತದೆ. ಅಂಥ ಹಲವು ಕೇಬಲ್‌ಗಳು ದಡ ಹತ್ತುವುದು ಮುಂಬಯಿಯಲ್ಲೇ. ವೆರ್ಸೋವಾದ ಕಡಲತೀರದಲ್ಲಿ ಮಕ್ಕಳು ಮರಳಿನಲ್ಲಿ ಗುಡ್ಡೆ ಕಟ್ಟುತ್ತಿರುತ್ತಾರಲ್ಲ, ಆ ತೀರದ ಮರಳಿನ ಅಡಿಯಿಂದಲೇ ಹೊರದೇಶಗಳೊಡನೆ ನಮ್ಮ ಮಾತುಕತೆಯ ದೊಡ್ಡ ಪಾಲು ಹಾದುಹೋಗುತ್ತದೆ.

ನಂಬಿಕೆ ಬಾರದಿದ್ದರೆ ಅಳೆದೇ ನೋಡಬಹುದು. ದೊಡ್ಡಮ್ಮನ ಎದುರಿಗೇ ಲ್ಯಾಪ್‌ಟಾಪ್ ತೆರೆದು ಲಂಡನ್ನಿನ ಒಂದು ಕಂಪ್ಯೂಟರಿಗೆ 'ಪಿಂಗ್' ಕಳಿಸಿದೆ. ಇದು "ಇದ್ದೀಯಾ?" ಎಂದು ಕೂಗಿ "ಇದ್ದೇನೆ" ಎಂಬ ಮಾರುತ್ತರ ಪಡೆಯುವ ಕ್ರಮ. ಹೋಗಿ ಬರಲು ಹಿಡಿದದ್ದು ಸುಮಾರು 130 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ 130. ಈಗ ಲೆಕ್ಕ ಹಾಕಿ. ಭೂಮಿಯ ಜತೆಗೇ ಸುತ್ತುತ್ತ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಬೆಳಕಿಗಿಂತ ವೇಗವಾಗಿ ಯಾವ ಸಂದೇಶವೂ ಓಡಲಾರದು. ಮೇಲೆ ಹತ್ತಿ ಕೆಳಗಿಳಿಯಲು 240 ಮಿಲಿಸೆಕೆಂಡ್ ಬೇಕೇ ಬೇಕು, ಉತ್ತರಕ್ಕೆ ಮತ್ತೆ ಅಷ್ಟು. ಅರ್ಧ ಸೆಕೆಂಡಿನ ದಾರಿಯನ್ನು 130 ಮಿಲಿಸೆಕೆಂಡಿನಲ್ಲಿ ಯಾರೂ ಮುಗಿಸಲಾರರು. ಅದೇ ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ದಾಟಿ ಹೋಗುವ ಹತ್ತು ಹನ್ನೊಂದು ಸಾವಿರ ಕಿಲೋಮೀಟರಿನ ದಾರಿಗೆ ಹೋಗಿ ಬರಲು ಸುಮಾರು 110, ನಡುವಿನ ಯಂತ್ರಗಳಿಗೆ ಇನ್ನಷ್ಟು. ಲೆಕ್ಕ ಕೂಡುತ್ತದೆ. ಗಡಿಯಾರವೊಂದನ್ನೇ ಹಿಡಿದು ದಾರಿ ಯಾವುದೆಂದು ಹೇಳಬಹುದು ಎಂಬುದು ನನಗೆ ಪ್ರತಿ ಸಲವೂ ರೋಮಾಂಚನ ತರುವ ಸಂಗತಿ. (ಕೆಳ ಕಕ್ಷೆಯ ಉಪಗ್ರಹಗಳ ಸೇವೆ ಬೇರೆ. ಅದಕ್ಕೆ ಪ್ರತ್ಯೇಕ ಆಂಟೆನಾ ಬೇಕು, ನಮ್ಮ ಕಟ್ಟಡದಲ್ಲಿ ಅದು ಯಾರ ಮನೆಯಲ್ಲೂ ಇಲ್ಲ.)

ಈ ದಾರಿ ಹೊಸದೂ ಅಲ್ಲ. 1870ರ ಫೆಬ್ರವರಿಯಲ್ಲಿ, ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಹಡಗಾಗಿದ್ದ ಗ್ರೇಟ್ ಈಸ್ಟರ್ನ್, ಮುಂಬಯಿಯಿಂದ ಏಡನ್ನಿನ ಕಡೆಗೆ ಟೆಲಿಗ್ರಾಫ್ ಕೇಬಲ್ ಬಿಡುತ್ತ ಹೊರಟಿತು. ತಾಮ್ರದ ತಂತಿ, ನೀರು ತಾಗದಂತೆ ಅದರ ಸುತ್ತ ಗಟ್ಟಾಪರ್ಚಾ ಎಂಬ ಮರದ ಹಾಲಿನ ಹೊದಿಕೆ. ಅದೇ ವರ್ಷದ ಜೂನ್ ಹೊತ್ತಿಗೆ ಏಡನ್, ಸುಯೆಜ್, ಮಾಲ್ಟಾ, ಜಿಬ್ರಾಲ್ಟರ್ ಮೂಲಕ ಇಂಗ್ಲೆಂಡಿನ ಪೋರ್ತ್‌ಕರ್ನೊ ಎಂಬ ಕಡಲೂರಿನ ತನಕ ಸಾಲು ಪೂರ್ತಿಯಾಯಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಗಂಟೆಗಳಲ್ಲಿ ಮುಟ್ಟತೊಡಗಿತು. ನೂರೈವತ್ತು ವರ್ಷಗಳ ನಂತರ ಪತ್ರೊಡೆಯ ಚಿತ್ರ ಹೋಗುವುದೂ ಹೆಚ್ಚು ಕಡಿಮೆ ಅದೇ ಕೆಂಪು ಸಮುದ್ರದ ದಾರಿಯಲ್ಲಿ.

ಆದರೆ ಕೇಬಲ್ ಇದ್ದ ಮಾತ್ರಕ್ಕೆ ಅಂತರ್ಜಾಲ ಆಗುವುದಿಲ್ಲ. ಅದರ ಜೀವ ಇರುವುದು ಇನ್ನೊಂದು ಕಡೆ, ಅದನ್ನು ಹೇಳಲು ನನಗೆ ಅಪ್ಪನ ಮನಿಯಾರ್ಡರ್ ಬೇಕು.

ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿ ಗಲ್ಲಾಪೆಟ್ಟಿಗೆಯ ತನಕ ಬಂದವರು. ತಿಂಗಳ ಮೊದಲ ವಾರ ಕುಂದಾಪುರದ ಕಡೆಯ ಹಳ್ಳಿಯಲ್ಲಿದ್ದ ಅಜ್ಜಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಕೆಲವು ದಿನಗಳ ಮೇಲೆ ಹಣ ಮುಟ್ಟಿದ ಚೀಟಿ ವಾಪಸು ಬರುತ್ತಿತ್ತು. ಅದರ ಮೇಲೆ ಅಜ್ಜಿಯ ಎಡ ಹೆಬ್ಬೆಟ್ಟಿನ ನೇರಳೆ ಗುರುತು. ಅಪ್ಪ ಅದನ್ನು ಗೋಡೆಗೆ ತೂಗುಹಾಕಿದ್ದ ಕೊಕ್ಕೆಯ ತಂತಿಗೆ ಚುಚ್ಚಿಡುತ್ತಿದ್ದರು. ಫಾರಂ ಯಾವ ರೈಲಿನಲ್ಲಿ ಹೋಯಿತು, ಯಾವ ಬಸ್ಸಿನಲ್ಲಿ ಘಟ್ಟ ಇಳಿಯಿತು, ಯಾವ ದೋಣಿಯಲ್ಲಿ ಹೊಳೆ ದಾಟಿತು, ಅವರಿಗೆ ಒಂದೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಚೀಟಿ ಬಂದರೆ ಮುಟ್ಟಿತು. ಬಾರದಿದ್ದರೆ ವಿಚಾರಿಸಬೇಕು.

ಅಂತರ್ಜಾಲ ನಿಂತಿರುವುದು ಇದೇ ಚೀಟಿಯ ಮೇಲೆ. ದೊಡ್ಡಮ್ಮನ ಫೋಟೋ ಎರಡು ಎಂಬಿ ಇದೆಯೆಂದುಕೊಳ್ಳಿ. ಅದು ಇಡಿಯಾಗಿ ಹೋಗುವುದಿಲ್ಲ. ಸುಮಾರು 1,500 ಬೈಟ್‌ಗಳ (ಎಂಟು ಬಿಟ್, ಅಂದರೆ ಎಂಟು ಸೊನ್ನೆ-ಒಂದುಗಳ ಗುಂಪು ಒಂದು ಬೈಟ್) ಪೊಟ್ಟಣಗಳಾಗಿ, ಅಂದರೆ ಹತ್ತಿರ ಹತ್ತಿರ 1,400 ತುಂಡುಗಳಾಗಿ ಹೊರಡುತ್ತದೆ. ಕನ್ನಡದ ಪ್ರಮಾಣದಲ್ಲಿ ಹೇಳುವುದಾದರೆ, 'ಕ' ಎಂಬ ಒಂದು ಅಕ್ಷರ ಕಂಪ್ಯೂಟರಿನಲ್ಲಿ 11100000 10110010 10010101 ಎಂಬ ಮೂರು ಬೈಟ್. ಕಾಗುಣಿತದ ಗುರುತುಗಳಿಗೂ ತಲಾ ಮೂರು, ಒತ್ತಕ್ಷರಕ್ಕೆ ಆರು. ಒಂದು ಪೊಟ್ಟಣದಲ್ಲಿ ಹಿಡಿಸುವುದು ಅರ್ಧ ಪುಟದಷ್ಟು ಬರಹ. ಪ್ರತಿ ಪೊಟ್ಟಣದ ನೆತ್ತಿಯ ಮೇಲೆ ಯಾರಿಂದ, ಯಾರಿಗೆ, ಎಷ್ಟನೆಯದು ಎಂಬ ಬರಹ. ದಾರಿಯಲ್ಲಿ ಸಿಗುವ ರೌಟರ್ ಎಂಬ ಯಂತ್ರಗಳು ವಿಳಾಸ ಓದಿ, ಮುಂದಿನ ಕವಲಿಗೆ ದಾಟಿಸಿ, ಮರೆತುಬಿಡುತ್ತವೆ. ಬ್ರಿಟನ್ನಿನ ಡೊನಾಲ್ಡ್ ಡೇವಿಸ್, ಅಮೆರಿಕದ ಪಾಲ್ ಬ್ಯಾರನ್ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಯೋಚಿಸಿ ಮುಟ್ಟಿದ ವಿಚಾರ ಇದು.

ಈ ರೌಟರುಗಳು ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹೆಚ್ಚು ಪೊಟ್ಟಣಗಳು ಬಂದು ಜಾಗ ತುಂಬಿದರೆ ಉಳಿದವನ್ನು ಬಿಸಾಡುತ್ತವೆ. ಕಳಿಸಿದವರಿಗೆ ತಿಳಿಸುವ ಗೋಜಿಗೂ ಹೋಗುವುದಿಲ್ಲ. ಇಷ್ಟು ಬೇಜವಾಬ್ದಾರಿಯ ದಾರಿಯಲ್ಲಿ ಬ್ಯಾಂಕಿನ ಲೆಕ್ಕ ಒಂದು ಪೈಸೆಯೂ ತಪ್ಪದೆ ಹೋಗುವುದು ಹೇಗೆ? ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಉತ್ತರ, ಹೊಣೆಯನ್ನೆಲ್ಲ ಎರಡು ತುದಿಗಳಿಗೆ ಬಿಡುವುದು. ಅದರಿಂದಲೇ ಟಿಸಿಪಿ ಎಂಬ ನಿಯಮಾವಳಿ ಬೆಳೆಯಿತು. ಪಡೆಯುವ ತುದಿ "ಇಷ್ಟನೆಯದರ ತನಕ ಬಂದಿದೆ, ಮುಂದಿನದು ಕಳಿಸು" ಎಂದು ಚೀಟಿ ಕಳಿಸುತ್ತಲೇ ಇರುತ್ತದೆ. ಆರನೆಯದು ಕಳೆದು ಏಳು, ಎಂಟು, ಒಂಬತ್ತು ಬಂದರೆ "ಆರು ಬೇಕು, ಆರು ಬೇಕು, ಆರು ಬೇಕು" ಎಂದು ಮತ್ತೆ ಮತ್ತೆ ಹೇಳುತ್ತದೆ. ಆಗ ಕಳಿಸುವ ತುದಿ ಆರನ್ನು ಮತ್ತೊಮ್ಮೆ ಕಳಿಸುತ್ತದೆ. ಹೇಗೆ ಸಾಧ್ಯವೆಂದರೆ, ಮನಿಯಾರ್ಡರಿನಲ್ಲಿ ನೋಟು ಪ್ರಯಾಣ ಮಾಡುತ್ತಿರಲಿಲ್ಲ, ಫಾರಂ ಮಾತ್ರ ಹೋಗುತ್ತಿತ್ತು. ಹಾಗೆಯೇ ಇಲ್ಲಿಯೂ ಹೋಗುವುದು ನಕಲು ಪ್ರತಿ. ಚೀಟಿ ಬರುವ ತನಕ ಮೂಲ ಇಲ್ಲೇ ಇರುತ್ತದೆ.

ಚೀಟಿ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಅಪ್ಪ ಬೇಸಗೆಯಲ್ಲಿ ಹದಿನೈದು ದಿನಕ್ಕೇ ಚಡಪಡಿಸುತ್ತಿದ್ದರು, ಆಷಾಢದಲ್ಲಿ ಒಂದು ತಿಂಗಳು ಸುಮ್ಮನಿರುತ್ತಿದ್ದರು. ಹಿಂದಿನ ಚೀಟಿಗಳು ಎಷ್ಟು ದಿನಕ್ಕೆ ಬಂದವು, ಎಷ್ಟು ಏರುಪೇರಾಯಿತು ಎಂಬ ಲೆಕ್ಕ ಅವರ ತಲೆಯಲ್ಲೇ ಇತ್ತು. ನಿಮ್ಮ ಮೊಬೈಲಿನೊಳಗೆ ಇರುವುದೂ ಅದೇ ಲೆಕ್ಕ. ಹಿಂದಿನ ಚೀಟಿಗಳ ಸರಾಸರಿ ಕಾಲ, ಅದರ ಏರಿಳಿತ, ಎರಡನ್ನೂ ಸೇರಿಸಿ ಕಾಯುವ ಅವಧಿಯನ್ನು ಕ್ಷಣ ಕ್ಷಣಕ್ಕೂ ತಿದ್ದಿಕೊಳ್ಳುತ್ತದೆ.

ಈ ಲೆಕ್ಕ ಹುಟ್ಟಿದ್ದು ಒಂದು ಅನಾಹುತದಿಂದ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಪಕ್ಕದ ವಿಶ್ವವಿದ್ಯಾಲಯದ ನಡುವಿನ ಜಾಲದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ನಲವತ್ತು ಬಿಟ್ ಎಂದರೆ ಐದು ಬೈಟ್, ಇಂದಿನ ಬರಹದಲ್ಲಿ ಸೆಕೆಂಡಿಗೆ ಕನ್ನಡದ ಎರಡು ಅಕ್ಷರವೂ ಹೋಗದು. ನಡುವಿನ ದೂರವೋ, ನಾನೂರು ಗಜ! ಯಾವ ತಂತಿಯೂ ಕಡಿದಿರಲಿಲ್ಲ. ದಾರಿ ತುಂಬಿ ಪೊಟ್ಟಣ ಕಳೆದುಹೋದಾಗ ಎಲ್ಲರೂ ಅವಸರದಿಂದ ಮತ್ತೆ ಕಳಿಸಿದರು, ಅದರಿಂದ ದಾರಿ ಇನ್ನಷ್ಟು ತುಂಬಿತು. ಸಂಜೆ ಆರೂವರೆಗೆ ದಾದರಿನ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದಿನಿಂದ ತಳ್ಳಿದಷ್ಟೂ ಮುಂದಿನವರ ಕಾಲು ಏಳುವುದಿಲ್ಲ.

ವಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ 1988ರಲ್ಲಿ ಪರಿಹಾರ ಪ್ರಕಟಿಸಿದರು. ಹೋಟೆಲಿಗೆ ಹೊಸದಾಗಿ ಬಂದ ಮಾಣಿಯನ್ನು ನೆನೆಸಿಕೊಳ್ಳಿ. ಮೊದಲು ಒಂದು ಲೋಟ ಚಹಾ ಒಯ್ಯುತ್ತಾನೆ. ಸುರಕ್ಷಿತವಾಗಿ ಮುಟ್ಟಿತೇ, ಮುಂದಿನ ಸಲ ಎರಡು, ಆಮೇಲೆ ನಾಲ್ಕು, ಎಂಟು. ಒಂದು ಲೋಟ ಬಿದ್ದಿತೋ, ಅರ್ಧಕ್ಕೆ ಇಳಿಸುತ್ತಾನೆ, ಅಲ್ಲಿಂದ ಒಂದೊಂದೇ ಲೋಟ ಹೆಚ್ಚಿಸುತ್ತಾನೆ. ಟಿಸಿಪಿ ಮಾಡುವುದು ಹೆಚ್ಚು ಕಡಿಮೆ ಇದನ್ನೇ. ಪೊಟ್ಟಣ ಕಳೆದುಹೋಗುವುದೇ ಅದಕ್ಕೆ ಸಿಗುವ ಸೂಚನೆ: ಮುಂದೆ ನೂಕುನುಗ್ಗಲಿದೆ, ನಿಧಾನಿಸು. ಹಾಗೆಂದು ಆಜ್ಞೆ ಮಾಡುವ ಪೊಲೀಸ್ ಎಲ್ಲಿಯೂ ಇಲ್ಲ. ಕೋಟಿಗಟ್ಟಲೆ ಯಂತ್ರಗಳು ಒಬ್ಬರನ್ನೊಬ್ಬರು ನೋಡದೆಯೇ, ತಮ್ಮ ಕೈಯ ಲೋಟ ಬಿದ್ದದ್ದನ್ನಷ್ಟೇ ನೋಡಿ ದಾರಿ ಹಂಚಿಕೊಳ್ಳುತ್ತವೆ. ಮನುಷ್ಯ ಕಟ್ಟಿದವುಗಳಲ್ಲಿ ಇದಕ್ಕಿಂತ ಚೆಲುವಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ವಿಡಿಯೋ ಕರೆ ಮಾತ್ರ ಸಾಮಾನ್ಯವಾಗಿ ಕಳೆದ ತುಂಡಿಗಾಗಿ ಕಾಯುವುದಿಲ್ಲ. ತಡವಾಗಿ ಬಂದ ಮಾತಿನಿಂದ ಪ್ರಯೋಜನವಿಲ್ಲವಲ್ಲ.

ಕೇಬಲ್ ಕಡಿದರೆ? ಕಡಿಯುತ್ತದೆ, ಪ್ರತಿ ವರ್ಷ ಜಗತ್ತಿನಲ್ಲಿ ನೂರೈವತ್ತರಿಂದ ಇನ್ನೂರು ಸಲ, ಹೆಚ್ಚಾಗಿ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರಿನಿಂದ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲ್‌ಗಳಿಗೆ ಧಕ್ಕೆಯಾದಾಗ ಭಾರತದ ಅಂತರ್ಜಾಲ ತೆವಳತೊಡಗಿತು. ಆದರೂ ಪೂರ್ತಿ ನಿಲ್ಲಲಿಲ್ಲ. ಪೊಟ್ಟಣಗಳು ಪೂರ್ವದ ಕಡೆಯಿಂದ, ಪೆಸಿಫಿಕ್ ಸುತ್ತಿ ಹೋದವು.

ಇದನ್ನೆಲ್ಲ ಇಷ್ಟು ಉದ್ದ ಹೇಳಲು ಕಾರಣವಿದೆ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ನಡುವೆ '5ಜಿ ಟವರಿನಿಂದಲೇ ಜನ ಸಾಯುತ್ತಿದ್ದಾರೆ' ಎಂಬ ಸಂದೇಶ ಊರೂರು ಸುತ್ತಿತು. ಆಗ ನಮ್ಮ ದೇಶದಲ್ಲಿ 5ಜಿ ಸೇವೆಯೇ ಇರಲಿಲ್ಲ. ಅದು ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಓದು ಬರಹ ಬಲ್ಲವರೇ ಅದನ್ನು ಹತ್ತು ಜನಕ್ಕೆ ದಾಟಿಸಿದರು. ಕೈಯಲ್ಲಿರುವ ವಸ್ತು ಹೇಗೆ ನಡೆಯುತ್ತದೆ ಎಂಬುದು ಗೊತ್ತಿಲ್ಲದ ಜಾಗದಲ್ಲಿ ಭಯ ಬಹಳ ಬೇಗ ಮನೆ ಮಾಡುತ್ತದೆ, ಆ ಭಯದ ಬಗ್ಗೆ ನನಗೆ ನಿಜವಾದ ಕಳವಳವಿದೆ.

ಕೊನೆಗೆ ದೊಡ್ಡಮ್ಮ ಮಳೆಯಲ್ಲೇ ಫೋಟೋ ಕಳಿಸಿದರು. ಮೊದಲು ಒಂದು ಗೀಟು ಮೂಡಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡನೆಯ ಗೀಟು ಟಿಸಿಪಿಯ ಚೀಟಿಯಲ್ಲ, ಮೊಮ್ಮಗನ ಮೊಬೈಲಿನ ವಾಟ್ಸಾಪ್ ಬೇರೆಯಾಗಿ ಕಳಿಸುವ ಚೀಟಿ ಎಂದು ವಿವರಿಸುತ್ತ, ಅಪ್ಪನ ಕೊಕ್ಕೆಯ ತಂತಿಯ ಮಾತು ತೆಗೆದೆ. ಅಜ್ಜಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸುತ್ತಿದ್ದವಳು ತಾನೇ ಎಂದರು ದೊಡ್ಡಮ್ಮ. ಮದುವೆಯಾಗಿ ಬಂದ ಹೊಸತು, ಮನೆಯಲ್ಲಿ ಓದಲು ಬರುತ್ತಿದ್ದುದು ಅವರೊಬ್ಬರಿಗೇ.

"ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ಬಿಡುತ್ತಿರಲಿಲ್ಲ" ಎಂದರು. "ಪೋಸ್ಟಿನವನು ಆಚೆ ದಡದಲ್ಲಿ ಕೊಡೆ ಹಿಡಿದು ನಿಂತು ಕೈ ಬೀಸಿ ವಾಪಸು ಹೋಗುತ್ತಿದ್ದ. ದುಡ್ಡು ಅಲ್ಲೇ ಉಳಿಯುತ್ತಿತ್ತು. ಮೋಡ ಸರಿಯುವ ತನಕ ಕಾಯುತ್ತಿದ್ದೆವು."