ಬಾಲ ಕತ್ತರಿಸಿದರೂ ಅವಿಭಾಜ್ಯ: 83 ಸಂಖ್ಯೆಗಳನ್ನು ಹುಡುಕುವ ಚಿಕ್ಕ ಪ್ರೋಗ್ರಾಂ

73939133 ಅಂತ ಹಾಳೆಯ ಮೇಲೆ ಬರೆಯಿರಿ. ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಬೆರಳಿಂದ ಮುಚ್ಚುತ್ತಾ ಬನ್ನಿ. 7393913, 739391, 73939, 7393, 739, 73, 7. ಪ್ರತಿ ಸಲ ಉಳಿಯುವುದು ಅವಿಭಾಜ್ಯ ಸಂಖ್ಯೆಯೇ! ದಶಮಾನ ಪದ್ಧತಿಯಲ್ಲಿ ಇಂಥವು ಇರುವುದು 83 ಮಾತ್ರ. ಅವುಗಳಲ್ಲಿ ಇದೇ ದೊಡ್ಡದು.

ಹುಡುಕುವುದು ಹೇಗೆ? ಎಂಟು ಅಂಕಿಯ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ನೋಡಬಹುದು, ಆದರೆ ಅವು 9 ಕೋಟಿ ಇವೆ. ಅದರ ಬದಲು ಉಲ್ಟಾ ಹೋಗೋಣ. ಇಂಥ ಸಂಖ್ಯೆಯ ಕೊನೆಯ ಅಂಕಿ ತೆಗೆದರೆ ಉಳಿದದ್ದೂ ಇದೇ ಜಾತಿಯದು, ಅಲ್ವಾ? ಹಾಗಾದರೆ ಚಿಕ್ಕದರಿಂದ ಶುರು ಮಾಡಿ ಬಲಕ್ಕೆ ಅಂಕಿ ಸೇರಿಸುತ್ತಾ ಬೆಳೆಸಿದರೆ ಸಾಕು.

ಸಾಲು = [2, 3, 5, 7]
ಸಾಲು ಖಾಲಿಯಾಗುವವರೆಗೆ:
    ಸಾಲನ್ನು ಮುದ್ರಿಸು
    ಹೊಸಸಾಲು = [ ]
    ಸಾಲಿನ ಪ್ರತಿ 'ನ', ಮತ್ತು 1, 3, 7, 9ರ ಪ್ರತಿ 'ಅ' ತೆಗೆದುಕೊಂಡು:
        ಮ = ನ × 10 + ಅ
        ಮ ಅವಿಭಾಜ್ಯವಾದರೆ ಹೊಸಸಾಲಿಗೆ ಸೇರಿಸು
    ಸಾಲು = ಹೊಸಸಾಲು

ಪೈಥಾನ್‌ನಲ್ಲಿ ಬರೆದರೂ ಹತ್ತು ಹನ್ನೆರಡು ಸಾಲು ಅಷ್ಟೇ. ಕೊನೆಗೆ ಸಮ ಅಂಕಿ ಬಂದರೆ 2ರಿಂದ, 5 ಬಂದರೆ 5ರಿಂದ ಭಾಗವಾಗುತ್ತದೆ. ಅದಕ್ಕೇ ನಾಲ್ಕೇ ಅಂಕಿ. ಒಟ್ಟು ಪರೀಕ್ಷೆಗಳು 83 × 4 = 332. ಅವಿಭಾಜ್ಯವೋ ಅಲ್ಲವೋ ನೋಡಲು ವರ್ಗಮೂಲದವರೆಗೆ ಭಾಗಿಸಿದರೆ ಸಾಕು. 73939133ಕ್ಕೂ 8598ರವರೆಗೆ ಹೋದರೆ ಮುಗಿಯಿತು.

ನಾನು ಮೊದಲ ಸಲ ಬರೆದಾಗ 1ರಿಂದ 9ರವರೆಗಿನ ಅಂಕಿಗಳನ್ನು ಹಾಗೇ ಪರೀಕ್ಷೆಗೆ ಕಳಿಸಿದ್ದೆ. 1ನ್ನು ಭಾಗಿಸಲು ಲೂಪ್‌ಗೆ ಯಾವ ಸಂಖ್ಯೆಯೂ ಸಿಗಲಿಲ್ಲ, ಹಾಗಾಗಿ ಅದು ಸುಮ್ನೆ ಪಾಸಾಗಿಬಿಟ್ಟಿತು. ಪಟ್ಟಿಯ ಕೊನೆಯಲ್ಲಿ ಹತ್ತು ಅಂಕಿಯ 1979339339 ಬಂದು ಕೂತಿತ್ತು. ಅದು ಅವಿಭಾಜ್ಯವೇ, ಆದರೆ ಕತ್ತರಿಸುತ್ತಾ ಹೋದರೆ ಕೊನೆಗೆ ಉಳಿಯುವ 1 ಅವಿಭಾಜ್ಯವಲ್ಲ. '2ಕ್ಕಿಂತ ಕಡಿಮೆಯಾದರೆ ಅಲ್ಲ' ಎನ್ನುವ ಸಾಲನ್ನು ಫಂಕ್ಷನ್‌ನ ಮೊದಲಲ್ಲೇ ಹಾಕಿಡಿ.

ಪ್ರತಿ ಸುತ್ತಿನಲ್ಲಿ ಸಿಗುವ ಎಣಿಕೆ ಹೀಗಿದೆ: 4, 9, 14, 16, 15, 12, 8, 5. ಆಮೇಲೆ ಸೊನ್ನೆ. ಕೊನೆಯ ಐದನ್ನು ಕಣ್ಣಿಟ್ಟು ನೋಡಿ: 23399339, 29399999, 37337999, 59393339, 73939133. 2 ಅಥವಾ 5ರಿಂದ ಶುರುವಾದವುಗಳಲ್ಲಿ ಮುಂದೆ 3 ಮತ್ತು 9 ಬಿಟ್ಟರೆ ಬೇರೇನೂ ಇಲ್ಲ! ಇದನ್ನು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು, ಯಾಕೆಂದರೆ ಕಾರಣ ಶಾಲೆಯಲ್ಲಿ ಕಲಿತ 3ರ ನಿಯಮದಲ್ಲೇ ಇದೆ. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. 2 ಮತ್ತು 5ಕ್ಕೆ ಶೇಷ 2. 3 ಅಥವಾ 9 ಸೇರಿಸಿದರೆ ಶೇಷ ಬದಲಾಗುವುದಿಲ್ಲ. 1 ಅಥವಾ 7 ಸೇರಿಸಿದರೆ ಶೇಷ ಸೊನ್ನೆಯಾಗುತ್ತದೆ, ಅಲ್ಲಿಗೆ ಆ ಕೊಂಬೆ ಒಣಗಿತು. 7ರ ಶೇಷ 1, ಹಾಗಾಗಿ ಅದರ ಮುಂದೆ 1 ಅಥವಾ 7 ಒಂದೇ ಸಲ ಬರಬಹುದು. 73939133ರಲ್ಲಿ ಆ ಒಂದು 1 ಎಲ್ಲಿದೆ ಅಂತ ನೋಡಿ.

ಇದೇ ಆಟವನ್ನು ಎಡಗಡೆಯಿಂದ ಕತ್ತರಿಸಿಯೂ ಆಡಬಹುದು. ಅಂಕಿಗಳ ನಡುವೆ ಸೊನ್ನೆ ಇರಬಾರದು ಎಂದಿಟ್ಟುಕೊಂಡರೆ ಅಂಥವು 4260 ಇವೆ. ದೊಡ್ಡದು 24 ಅಂಕಿಯ 357686312646216567629137. ಇದರ ವರ್ಗಮೂಲವೇ ಸುಮಾರು 59,800 ಕೋಟಿ. ಅಲ್ಲಿವರೆಗೆ ಭಾಗಿಸುತ್ತಾ ಕೂರಲು ಆಗುವುದಿಲ್ಲ, ಒಂದೊಂದಾಗಿ ಭಾಗಿಸದೆಯೇ ಅವಿಭಾಜ್ಯವೋ ಅಲ್ಲವೋ ಬೇಗ ಹೇಳುವ ಮಿಲ್ಲರ್-ರಾಬಿನ್ ಪರೀಕ್ಷೆ ಬೇಕು. ಮೇಲಿನ ಪ್ರೋಗ್ರಾಂ ಬರೆದು 83 ಸಿಕ್ಕಮೇಲೆ ಅದನ್ನು ಕೈಗೆತ್ತಿಕೊಳ್ಳಿ.