ಊಜಿಯ ಮರಿಗೆ ಉಸಿರು ಎಲ್ಲಿಂದ?

ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳ ಕಿಟಕಿಗೆ ನೈಲಾನ್ ಪರದೆ ಕಟ್ಟಿರುತ್ತಾರೆ. ಸೊಳ್ಳೆಗಲ್ಲ, ಊಜಿಗೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳೊಂದಿಗೆ ಕರ್ನಾಟಕಕ್ಕೆ ನುಸುಳಿದ ಈ ನೊಣ ನೋಡಲು ಮನೆನೊಣದ ದೊಡ್ಡಣ್ಣ. ಮನೆನೊಣ ಸಗಣಿ, ಕಸ ಹುಡುಕಿ ಮೊಟ್ಟೆಯಿಟ್ಟರೆ ಊಜಿ ಇಡುವುದು ಬದುಕಿರುವ ರೇಷ್ಮೆ ಹುಳುವಿನ ಮೈಮೇಲೆ.

ರೇಷ್ಮೆ ಹುಳುವೂ ಮರಿಯೇ, ಪತಂಗದ ಮರಿ. ಬೆಳೆಯುತ್ತ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಇದು ಕಾಯಿಲೆಯಲ್ಲ, ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಬಿಡುವುದಕ್ಕೆ ರೈತರ ಮಾತು. ಊಜಿಯ ಮೊಟ್ಟೆ ಒಡೆಯಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಹುಳು ಜ್ವರದಿಂದ ಎದ್ದರೆ ಮೊಟ್ಟೆ ಪೊರೆಯೊಂದಿಗೇ ಹೋಯಿತು. ನಾಲ್ಕನೇ ಜ್ವರ ಕಳೆದ ಮೇಲೆ ಆ ಅದೃಷ್ಟವಿಲ್ಲ. ಹುಳು ಹಗಲಿರುಳು ಮೇಯುವ ಆ ಏಳೆಂಟು ದಿನವೇ ಊಜಿಗೆ ಸುಗ್ಗಿ.

ಊಜಿಯ ಮರಿಗೆ ಕಾಲಿಲ್ಲ, ಹೇಳಿಕೊಳ್ಳುವಂಥ ತಲೆಯೂ ಇಲ್ಲ. ಬಾಯಲ್ಲೊಂದು ಕೊಕ್ಕೆಯಿದೆ, ಅದರಿಂದಲೇ ಚರ್ಮ ಕೊರೆದು ಒಳಗಿಳಿಯುತ್ತದೆ. ಅಲ್ಲಿ ಉಸಿರಾಡುವುದು ಹೇಗೆ? ಕೊಳೆತದ್ದರಲ್ಲಿ ತಲೆ ಮುಳುಗಿಸಿ ಉಣ್ಣುವ ಮನೆನೊಣದ ಮರಿಯಂತೆ ಇದಕ್ಕೂ ಮುಖ್ಯ ಉಸಿರುರಂಧ್ರಗಳು ಹಿಂಬದಿಯಲ್ಲಿವೆ. ಹಿಂಬದಿಯನ್ನು ತೂತಿಗೆ ಆನಿಸಿಕೊಂಡು ಒಳಗೆ ತಿನ್ನುತ್ತ ಕೂರುತ್ತದೆ. ಗಾಯ ಮುಚ್ಚಲೆಂದು ರೇಷ್ಮೆ ಹುಳುವಿನ ದೇಹ ಸುತ್ತಲೂ ಕಪ್ಪು ಗೋಡೆ ಕಟ್ಟಿದರೆ, ಮರಿಗೆ ಅದೇ ಉಸಿರುಕೊಳವೆ! ರೈತರು ಹುಳುವಿನ ಮೈಮೇಲೆ ಕಂಡು ಹೌಹಾರುವ ಕಪ್ಪು ಚುಕ್ಕೆ ಇದೇ. ಬೈಯಬೇಕೋ ಮೆಚ್ಚಬೇಕೋ ತಿಳಿಯುವುದಿಲ್ಲ.

ಎರಡು ಸಲ ಪೊರೆ ಬಿಟ್ಟ ಮರಿ ಸುಮಾರು ಒಂದು ವಾರದಲ್ಲಿ ಕೊಬ್ಬಿ ಹೊರಬೀಳುತ್ತದೆ. ಅಷ್ಟರಲ್ಲಿ ಹುಳು ಚಂದ್ರಿಕೆ (ಗೂಡು ಕಟ್ಟಲೆಂದು ಇಡುವ ತಟ್ಟಿ) ಹತ್ತಿ ಗೂಡು ಕಟ್ಟಿದ್ದರೆ ಗೂಡಿಗೂ ತೂತು. ಎಳೆ ತುಂಡಾದ ಗೂಡಿನಿಂದ ನೂಲು ಬಿಚ್ಚಲಾಗದು.

ಹೊರಬಂದದ್ದು ಮಣ್ಣನ್ನೋ ನೆಲದ ಬಿರುಕನ್ನೋ ಸೇರುತ್ತದೆ. ಕೊನೆಯ ಪೊರೆಯನ್ನು ಮಾತ್ರ ಕಳಚುವುದಿಲ್ಲ. ಅದನ್ನೇ ಗಟ್ಟಿ ಮಾಡಿ ಕಂದು ಡಬ್ಬಿಯಾಗಿಸಿಕೊಂಡು ಒಳಗೆ ನೊಣವಾಗುತ್ತದೆ. ಹತ್ತು ಹನ್ನೆರಡು ದಿನಕ್ಕೆ ಹಣೆಯಿಂದ ಬಲೂನಿನಂಥ ಚೀಲ ಉಬ್ಬಿಸಿ ಮುಚ್ಚಳ ತಳ್ಳಿ ಹೊರಬರುತ್ತದೆ.

ಎಲ್ಲ ಡಬ್ಬಿಗಳಿಂದಲೂ ನೊಣವೇ ಬರುತ್ತದೆ ಎನ್ನುವಂತಿಲ್ಲ. ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ ಡಬ್ಬಿ ಚುಚ್ಚಿ ಒಳಗೆ ತನ್ನ ಮೊಟ್ಟೆಯಿಡುತ್ತದೆ, ಅದರ ಮರಿಗಳು ಊಜಿಯನ್ನು ತಿಂದು ಬೆಳೆಯುತ್ತವೆ. ಈಗ ರೈತರು ಈ ಕಣಜವನ್ನು ಚೀಲದಲ್ಲಿ ತಂದು ಹುಳುಮನೆಯಲ್ಲಿ ತಾವೇ ಬಿಡುತ್ತಾರೆ.